ಮುತ್ತಿನಂಥ ಅಕ್ಷರ

ಪೀಣ್ಯದ ನಮ್ಮ ಶಾಲೆಯ ವಾರ್ಷಿಕೋತ್ಸವದ ಆಮಂತ್ರಣವನ್ನು ಕಂಪ್ಯೂಟರಿನಲ್ಲೇ ಸಿದ್ಧಪಡಿಸಿದ್ದೆವು. ಕಿರಿಯ ಸಹೋದ್ಯೋಗಿಯೊಬ್ಬಳು 'ನವಿಲು' ಎಂಬ ಫಾಂಟನ್ನು ಆರಿಸಿದಳು. ಕೈಬರಹದಂತೆಯೇ ಕಾಣುವ ಕನ್ನಡ ಅಕ್ಷರ ಅದು, ಉಚಿತವಾಗಿಯೇ ಸಿಗುತ್ತದೆ. ಮರುದಿನ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯೊಬ್ಬರು ಕಾಗದ ಹಿಡಿದು ಬಂದು, "ಮಿಸ್, ಇಷ್ಟು ಜನಕ್ಕೂ ನೀವೇ ಕೂತು ಬರೆದ್ರಾ?" ಎಂದರು. ಇಲ್ಲವೆಂದೆ. ಅವರ ಮುಖ ಸ್ವಲ್ಪ ಬಾಡಿತು. ಆ ಮುಖ ನನ್ನನ್ನು ಯೋಚನೆಗೆ ಹಚ್ಚಿತು.

ಕೈಬರಹಕ್ಕೂ ಅಚ್ಚಿಗೂ ನಮ್ಮಲ್ಲಿ ಹಳೆಯ ನಂಟಿದೆ. 1817ರಲ್ಲೇ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಗಿತ್ತು. ಆದರೂ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಆರಂಭಿಸಿದ 'ಮಂಗಳೂರ ಸಮಾಚಾರ' ಬಂದದ್ದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದದ್ದನ್ನು ಕಲ್ಲಿಗಿಳಿಸಿ ಒತ್ತುವ ವಿಧಾನವದು. ಅಂದರೆ ಕನ್ನಡದ ಮೊದಲ ಪತ್ರಿಕೆಯನ್ನು ಜನ ಓದಿದ್ದು ಕೈಬರಹದಲ್ಲೇ! ಆಮೇಲೆ ಸೀಸದ ಮೊಳೆಗಳ ಕಾಲ. ಕಾಗುಣಿತ, ಒತ್ತಕ್ಷರಗಳಿಗೆಲ್ಲ ನೂರಾರು ಮೊಳೆ ಬೇಕು. ಅಕ್ಷರಗಳು ಶಿಸ್ತಾಗಿ ಸಾಲು ನಿಂತವು. ಬರೆದವರ ಕೈ ಮಾತ್ರ ಮರೆಯಾಯಿತು.

1998ರಲ್ಲಿ 'ಬರಹ' ತಂತ್ರಾಂಶ ಬಂದ ಮೇಲೆ ಮನೆಮನೆಯಲ್ಲೂ ಕನ್ನಡ ಟೈಪ್ ಮಾಡುವುದು ಸುಲಭವಾಯಿತು. ಮರೆಯಾದ ಕೈಬರಹವೂ ಫಾಂಟಾಗಿ ಹಿಂತಿರುಗಿತು. ಇಂಗ್ಲಿಷಿನಲ್ಲಿ ಇದಕ್ಕೆ ಹೆಸರಾದದ್ದು ಕಾಮಿಕ್ ಸಾನ್ಸ್. ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕಾನೇರ್ ಅದನ್ನು ರೂಪಿಸಿದ್ದು 1994ರಲ್ಲಿ. ಪರದೆಯ ಮೇಲಿನ ವ್ಯಂಗ್ಯಚಿತ್ರದ ನಾಯಿಯೊಂದು ಗಂಭೀರವಾದ ಪತ್ರಿಕೆಯ ಅಕ್ಷರದಲ್ಲಿ ಮಾತಾಡುವುದು ಅವರಿಗೆ ಸರಿಕಾಣಲಿಲ್ಲವಂತೆ. ನಾಯಿಗೆಂದು ಹುಟ್ಟಿದ ಅಕ್ಷರ ಶಾಲೆ, ಅಂಗಡಿ, ಕಚೇರಿ ಎಲ್ಲ ಕಡೆ ನುಗ್ಗಿತು, ಬೈಗುಳವನ್ನೂ ತಿಂದಿತು.

ಅಕ್ಷರಕ್ಕೂ ಸಂದರ್ಭವಿದೆ, ಸೀರೆಗಿದ್ದ ಹಾಗೆ. ಹುಟ್ಟುಹಬ್ಬದ ಕರೆಯೋಲೆಗೆ, ಮಕ್ಕಳ ಕಥೆಪುಸ್ತಕಕ್ಕೆ, ಉಪ್ಪಿನಕಾಯಿ ಬಾಟಲಿಯ ಚೀಟಿಗೆ ಕೈಬರಹದ ಫಾಂಟು ಒಪ್ಪುತ್ತದೆ. ಕಾರ್ಖಾನೆಯ ಎಚ್ಚರಿಕೆ ಫಲಕಕ್ಕೆ, ಔಷಧಿ ಚೀಟಿಗೆ ಬೇಡ. ಅಲ್ಲಿ ಒತ್ತಕ್ಷರ ದೂರದಿಂದಲೂ ಸ್ಪಷ್ಟವಾಗಿ ಕಾಣಬೇಕು.

ನಾನೂ ಒಮ್ಮೆ ಎಡವಿದ್ದೇನೆ. ಸಮಯ ಉಳಿಯಲೆಂದು ಒಂದನೇ ತರಗತಿಗೆ ಇಂಥ ಫಾಂಟಿನಲ್ಲೇ ಕಾಪಿ ಹಾಳೆ ಮುದ್ರಿಸಿ ಕೊಟ್ಟೆ. ದೂರದ ಊರಿಂದ ಬಂದ, ಮನೆಯಲ್ಲಿ ಕನ್ನಡವಿಲ್ಲದ ಹುಡುಗನೊಬ್ಬ 'ಧ'ದ ಹೊಟ್ಟೆ ಸೀಳನ್ನು ಮೊದಲು ಎಳೆದು, ಆಮೇಲೆ ಮೈ ಬರೆಯುತ್ತಿದ್ದ. ಅವನು ಅಕ್ಷರ ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದ. ತಪ್ಪು ಅವನದಲ್ಲ. ಫಾಂಟು ತೋರಿಸುವುದು ಮುಗಿದ ಅಕ್ಷರವನ್ನು; ಕೈ ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಎಂಬುದನ್ನಲ್ಲ. ಅವನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದೆ. ವಾರದಲ್ಲಿ ಸರಿಹೋಯಿತು.

ಫಾಂಟಿನಲ್ಲಿ ಹತ್ತು 'ಕ' ಬರೆದರೆ ಹತ್ತೂ ಒಂದೇ. ನನ್ನ ಕೈಯಲ್ಲಿ ಒಂದರಂತೆ ಇನ್ನೊಂದಿಲ್ಲ. ಆ ತಾಯಿ ಹುಡುಕಿದ್ದು ಅದನ್ನೇ ಇರಬೇಕು.

ಈಗಲೂ ಆಮಂತ್ರಣ 'ನವಿಲು' ಅಕ್ಷರದಲ್ಲೇ ಅಚ್ಚಾಗುತ್ತದೆ. ಕೆಳಗೆ ಎರಡು ಸಾಲಿನ ಜಾಗ ಮಾತ್ರ ಖಾಲಿ ಬಿಡುತ್ತೇವೆ. ಅಲ್ಲಿ ಮಗುವಿನ ಹೆಸರು ಬರೆದು, "ತಪ್ಪದೆ ಬನ್ನಿ" ಎಂದು ಪೆನ್ನಿನಲ್ಲಿ ಸೇರಿಸುತ್ತೇನೆ. ನಲವತ್ತು ಮಕ್ಕಳಿಗೆ ಅರ್ಧ ಗಂಟೆ ಸಾಕು.