ತಂಗಳು ಪೆಟ್ಟಿಗೆಯ ಕರೆಂಟ್ ಲೆಕ್ಕ

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಮನೆಗಳಿಗೆ ಬಂದ ಫ್ರಿಜ್ಜುಗಳು ಚಿಕ್ಕವು, ಕರೆಂಟನ್ನೂ ಮಿತವಾಗಿ ಉಪಯೋಗಿಸುತ್ತಿದ್ದವು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಅವುಗಳ ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟಾದರೆ ಕರೆಂಟಿನ ಖರ್ಚು ನಾಲ್ಕೈದು ಪಟ್ಟಾಯಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಸಾಧಾರಣ ಹೊಸ ಫ್ರಿಜ್ ವರ್ಷಕ್ಕೆ ಸುಮಾರು 1,800 ಯೂನಿಟ್ ನುಂಗುತ್ತಿತ್ತು. ಹೊರ ಅಳತೆ ಹೆಚ್ಚಿಸದೆ ಒಳಗೆ ಜಾಗ ಮಾಡಿಕೊಳ್ಳಲು ಕಂಪನಿಗಳು ಗೋಡೆಯೊಳಗಿನ ಶಾಖನಿರೋಧಕ ಪದರವನ್ನು ತೆಳುವಾಗಿಸಿದವು, ಅಗ್ಗದ ಮೋಟಾರು ಕೂರಿಸಿದವು. ಮಂಜುಗಡ್ಡೆ ಕಟ್ಟದಿರಲೆಂದು ಒಳಗೊಂದು ಹೀಟರ್. ಗೋಡೆ ತೆಳುವಾದ್ದರಿಂದ ಹೊರಮೈ ಬೆವರತೊಡಗಿದಾಗ ಅದಕ್ಕೂ ಒಂದು ಹೀಟರ್. ತಣ್ಣಗಿಡುವ ಯಂತ್ರದಲ್ಲಿ ಬಿಸಿ ಮಾಡುವ ತಂತಿಗಳಿರುವುದು, ವಿದ್ಯುತ್ ಅಗ್ಗವಾಗಿದ್ದ ಆ ಕಾಲದಲ್ಲಿ, ಹೆಚ್ಚಿನವರಿಗೆ ವಿಚಿತ್ರವಾಗಿಯೂ ಕಾಣಲಿಲ್ಲ.

1973ರ ತೈಲ ಬಿಕ್ಕಟ್ಟು ಅದನ್ನು ಕಾಣಿಸಿತು. ಮರುವರ್ಷ ಕ್ಯಾಲಿಫೋರ್ನಿಯಾ ಇಂಧನ ಆಯೋಗವನ್ನು ಹುಟ್ಟುಹಾಕುವ ಕಾನೂನು ಮಾಡಿತು. ಭೌತವಿಜ್ಞಾನಿ ಫರ್ಮಿಯ ಶಿಷ್ಯನಾಗಿ ಕಣಭೌತಶಾಸ್ತ್ರದಲ್ಲಿ ಹೆಸರು ಮಾಡಿದ್ದ ಬರ್ಕ್ಲಿಯ ಆರ್ಥರ್ ರೋಸೆನ್‌ಫೆಲ್ಡ್ ಆ ಹೊತ್ತಿಗೆ ಮನೆಬಳಕೆಯ ವಿದ್ಯುತ್ತಿನ ಕಡೆ ಹೊರಳಿದ್ದರು. ಅವರೂ ಅವರ ವಿದ್ಯಾರ್ಥಿ ಡೇವಿಡ್ ಗೋಲ್ಡ್‌ಸ್ಟೀನ್ ಅವರೂ ಮಾರುಕಟ್ಟೆಯಲ್ಲಿದ್ದ ಫ್ರಿಜ್ಜುಗಳ ಬೆಲೆಯನ್ನೂ ವಿದ್ಯುತ್ ಬಳಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎರಡಕ್ಕೂ ನಂಟೇ ಕಾಣಲಿಲ್ಲ. ನನ್ನ ವಾದವೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ. ಮಿತವ್ಯಯದ ಫ್ರಿಜ್ಜಿಗೆ ಹೆಚ್ಚು ಬೆಲೆಯಿದ್ದಿದ್ದರೆ, ಗ್ರಾಹಕರು ತೂಗಿ ನೋಡಿ ಅಗ್ಗದ್ದನ್ನು ಆರಿಸಿಕೊಂಡರು ಎನ್ನಬಹುದಿತ್ತು. ಬೆಲೆಗೂ ಬಳಕೆಗೂ ಸಂಬಂಧವಿಲ್ಲವೆಂದರೆ ಅಲ್ಲಿ ಯಾರೂ ಏನನ್ನೂ ತೂಗಿರಲಿಲ್ಲ. ಬಾಡಿಗೆ ಮನೆಗಳಲ್ಲಂತೂ ಫ್ರಿಜ್ ಕೊಳ್ಳುವವನು ಮಾಲೀಕ, ಬಿಲ್ ಕಟ್ಟುವವನು ಬಾಡಿಗೆದಾರ.

1970ರ ದಶಕ ಮುಗಿಯುವ ಮೊದಲೇ ಕ್ಯಾಲಿಫೋರ್ನಿಯಾ ಮಿತಿಮೀರಿ ಕರೆಂಟು ಕುಡಿಯುವ ಫ್ರಿಜ್ಜುಗಳ ಮಾರಾಟ ನಿಷೇಧಿಸಿತು. ಬೇರೆ ರಾಜ್ಯಗಳೂ ತಮ್ಮ ತಮ್ಮ ನಿಯಮ ಮಾಡತೊಡಗಿದಾಗ, ರಾಜ್ಯಕ್ಕೊಂದು ಮಾದರಿ ತಯಾರಿಸುವ ಕಷ್ಟಕ್ಕೆ ಬೇಸತ್ತ ಕಂಪನಿಗಳೇ ದೇಶಕ್ಕೆಲ್ಲ ಒಂದೇ ಕಾನೂನು ಬೇಕೆಂದವು. ಗವರ್ನರ್ ಆಗಿದ್ದಾಗ ಕ್ಯಾಲಿಫೋರ್ನಿಯಾದ ಇಂಧನ ಆಯೋಗದ ಕಾನೂನಿಗೆ ಸಹಿ ಹಾಕಿದ್ದ ರೊನಾಲ್ಡ್ ರೇಗನ್, ಅಧ್ಯಕ್ಷರಾಗಿ 1986ರಲ್ಲಿ ಈ ದೇಶವ್ಯಾಪಿ ಮಸೂದೆಯನ್ನು ತಡೆದು 1987ರಲ್ಲಿ ಅದಕ್ಕೇ ಒಪ್ಪಿಗೆ ಕೊಟ್ಟರು. 1990, 1993, 2001ರಲ್ಲಿ ಮಿತಿ ಹಂತಹಂತವಾಗಿ ಬಿಗಿಯಾಯಿತು. 2001ರ ಹಂತಕ್ಕೆ ಸಾಧಾರಣ ಹೊಸ ಫ್ರಿಜ್ಜಿನ ಬಳಕೆ 500 ಯೂನಿಟ್ಟಿನ ಆಸುಪಾಸಿಗೆ ಇಳಿದಿತ್ತು, ಗಾತ್ರ ಮಾತ್ರ ಹಿಂದಿಗಿಂತ ದೊಡ್ಡದಾಗಿತ್ತು. ಯೂನಿಟ್ಟಿಗೆ 8 ಸೆಂಟ್ ಹಿಡಿದರೂ ವರ್ಷಕ್ಕೆ ನೂರು ಡಾಲರಿಗೂ ಮೀರಿದ ಉಳಿತಾಯ. ಫ್ರಿಜ್ ಹತ್ತು ಹದಿನೈದು ವರ್ಷ ಬಾಳುವ ವಸ್ತು. ಇತ್ತ ಹಣದುಬ್ಬರ ಕಳೆದ ಬೆಲೆ ಏರಲಿಲ್ಲ, ಅರ್ಧಕ್ಕಿಂತ ಕೆಳಗಿಳಿಯಿತು.

ಬೆಲೆ ಇಳಿದದ್ದಕ್ಕೆ ಮಾನದಂಡವೇ ಕಾರಣವೆಂದು ಹೇಳಿದರೆ ಅದು ಅತಿಯಾಯಿತು. ದೊಡ್ಡ ಪ್ರಮಾಣದ ತಯಾರಿಕೆ, ಪೈಪೋಟಿ, ಒಳ್ಳೆಯ ಫೋಮ್ ಎಲ್ಲವೂ ಸೇರಿದ್ದವು. ಆದರೆ ಮಾನದಂಡದಿಂದ ಬೆಲೆ ಗಗನಕ್ಕೇರುತ್ತದೆಂಬ ಭಯ ಹುಸಿಯಾಯಿತು. ಆ ಭಯದ ಹಿಂದಿದ್ದ ಅಂದಾಜುಗಳು ಇಂದಿನ ಕಾರ್ಖಾನೆಯಲ್ಲಿ ನಾಳೆಯ ಫ್ರಿಜ್ ಮಾಡಿದರೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದವು. ಎಲ್ಲರೂ ಅದನ್ನೇ ಮಾಡಬೇಕಾಗಿ ಬಂದಾಗ ಕಾರ್ಖಾನೆಯೇ ಬದಲಾಗುವುದನ್ನು ಎಣಿಸಲಿಲ್ಲ. ನಿಯಮವಿಲ್ಲದಿದ್ದರೂ ಇದೆಲ್ಲ ಆಗುತ್ತಿತ್ತು ಎನ್ನುವವರು, ನಿಯಮವಿಲ್ಲದ ಕಾಲು ಶತಮಾನದಲ್ಲಿ ಬಳಕೆ ಏರುತ್ತಲೇ ಹೋದದ್ದಕ್ಕೆ ಕಾರಣ ಹೇಳಬೇಕಾಗುತ್ತದೆ. ಉಳಿದ ಹಣದಲ್ಲಿ ಜನ ಇನ್ನಷ್ಟು ಕರೆಂಟು ಉರಿಸುತ್ತಾರೆಂಬ ತಕರಾರು ಏಸಿಗೆ ಸ್ವಲ್ಪ ಹೊಂದೀತು. ಬಿಲ್ ಇಳಿಯಿತೆಂದು ಫ್ರಿಜ್ಜಿನ ಬಾಗಿಲನ್ನು ಯಾರೂ ಹೆಚ್ಚು ಸಲ ತೆಗೆಯುವುದಿಲ್ಲ. (ಹಳೆಯ ಫ್ರಿಜ್ಜನ್ನು ಗ್ಯಾರೇಜಿನಲ್ಲಿಟ್ಟು ಬಿಯರ್ ತಣಿಸುವ ಅಮೆರಿಕನ್ ಚಾಳಿ ಬೇರೆಯೇ ಮಾತು.)

ನಿಜಕ್ಕೂ ತೂಕವಿರುವ ಆಕ್ಷೇಪ ಬಡವರ ಪರವಾದದ್ದು. ಅರ್ಥಶಾಸ್ತ್ರಜ್ಞ ಜೆರ್ರಿ ಹೌಸ್‌ಮನ್ 1979ರಲ್ಲಿ ಏಸಿ ಕೊಂಡವರ ಆಯ್ಕೆಗಳನ್ನು ಪರೀಕ್ಷಿಸಿದರು. ಇಂದು ಹೆಚ್ಚಿಗೆ ಕೊಟ್ಟ ಹಣಕ್ಕೆ ವರ್ಷಕ್ಕೆ ಸುಮಾರು ಶೇ 20ರಷ್ಟು ಪ್ರತಿಫಲ ಬೇಕೆಂಬಂತೆ ಜನ ನಡೆದುಕೊಳ್ಳುತ್ತಾರೆ, ವರಮಾನ ಕಡಿಮೆಯಿದ್ದಷ್ಟೂ ಆ ಬೇಡಿಕೆ ಏರುತ್ತದೆ ಎಂಬುದು ಅವರಿಗೆ ಕಂಡದ್ದು. ಕೈಯಲ್ಲಿ ಕಾಸಿಲ್ಲದವನಿಗೆ ಹತ್ತು ವರ್ಷದ ಉಳಿತಾಯ ತೋರಿಸಿ ಏನು ಪ್ರಯೋಜನ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. 1987ರ ಕರ್ನಾಟಕದ ದೀರ್ಘಾವಧಿ ವಿದ್ಯುತ್ ಯೋಜನೆಗೆ ಬದಲಾಗಿ ಅವರ ತಂಡ ಮಂಡಿಸಿದ ಲೆಕ್ಕ, ದಕ್ಷ ಉಪಕರಣಗಳನ್ನು ನೆಚ್ಚಿಕೊಂಡರೆ ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕೆಂದಿತು. ಮೊದಲ ಖರ್ಚಿಗೇ ಹೆದರುವ ಗ್ರಾಹಕನಿಗೆ ಬೋಧನೆಗಿಂತ ಕಂತಿನ ಸೌಲಭ್ಯ ಬೇಕೆಂಬುದು ಅವರ ನಿಲುವಾಗಿತ್ತು. 2015ರಿಂದ ಭಾರತದಲ್ಲಿ ಎಲ್ಇಡಿ ಬಲ್ಬುಗಳನ್ನು ಕೆಲವೆಡೆ ಬಿಲ್ಲಿನ ಕಂತಿನಲ್ಲೇ ಹಂಚಿದರು. ಸರ್ಕಾರ ಸಗಟಾಗಿ ಕೊಂಡದ್ದರಿಂದ 2014ರಲ್ಲಿ 310 ರೂಪಾಯಿಯಿದ್ದ ಬಲ್ಬಿನ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು.

ಭಾರತದಲ್ಲಿ ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಬಂದದ್ದು 2006ರಲ್ಲಿ. ಮಂಜು ಕಟ್ಟದ ಫ್ರಿಜ್ಜುಗಳಿಗೆ ಅದು ಕಡ್ಡಾಯವಾದದ್ದು 2010ರಲ್ಲಿ. ಚೀಟಿ ಓದಿ ಐದು ನಕ್ಷತ್ರಕ್ಕೆ ಹೆಚ್ಚು ಹಣ ಕೊಡಬೇಕಾದರೆ, ಓದುವವನೇ ಬಿಲ್ಲನ್ನೂ ಕಟ್ಟುವವನಾಗಿರಬೇಕು. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಜಾರಿಯಲ್ಲಿದೆ. 200 ಯೂನಿಟ್ಟಿನೊಳಗಿನ ಅರ್ಹ ಮನೆಗಳ ಬಿಲ್ಲನ್ನು ರಾಜ್ಯ ಸರ್ಕಾರವೇ ವಿದ್ಯುತ್ ಕಂಪನಿಗಳಿಗೆ ತುಂಬುತ್ತದೆ. ಅಂಥ ಮನೆಯವರು ಎರಡು ನಕ್ಷತ್ರದ ಫ್ರಿಜ್ ಕೊಂಡರೆ, ಬಳಕೆ ಉಚಿತ ಮಿತಿಯನ್ನು ದಾಟದಷ್ಟು ಕಾಲ, ಅವರಿಗೇನೂ ನಷ್ಟವಿಲ್ಲ, ಬೊಕ್ಕಸಕ್ಕೆ ಇದೆ. ಕ್ಯಾಲಿಫೋರ್ನಿಯಾದ ಬಾಡಿಗೆದಾರನ ಜಾಗದಲ್ಲಿ ಈಗ ನಿಂತಿರುವುದು ರಾಜ್ಯದ ಹಣಕಾಸು ಇಲಾಖೆ. ಅಂಗಡಿಗೆ ಬರಬಹುದಾದ ಫ್ರಿಜ್ಜಿನ ಕನಿಷ್ಠ ದಕ್ಷತೆ ಎಷ್ಟಿರಬೇಕೆಂದು ಗೊತ್ತುಮಾಡುವ ಅಧಿಕಾರವನ್ನು 2001ರ ಇಂಧನ ಸಂರಕ್ಷಣಾ ಕಾಯಿದೆ ಕೊಟ್ಟಿರುವುದು ಮಾತ್ರ ಕೇಂದ್ರಕ್ಕೆ.