ಸೂಜಿಯಿಂದ ಗುಳಿಗೆಯ ಕಡೆಗೆ

ಮಧುಮೇಹವೆಂಬ ಹೆಸರು ಹಳೆಯದು. ಚರಕ ಸುಶ್ರುತರ ಗ್ರಂಥಗಳಲ್ಲಿಯೇ ಬಂದಿರತಕ್ಕದ್ದು. ಆದರೆ ಎಳೆಯ ಮಕ್ಕಳಿಗೆ ಈ ರೋಗ ತಗುಲಿದಾಗ ಬದುಕುವ ದಾರಿ ದೊರೆತು ನೂರು ವರ್ಷಗಳು ಮಾತ್ರ ಕಳೆದಿವೆ. 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ, ಮ್ಯಾಕ್ಲಿಯಾಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಮೇದೋಜೀರಕಾಂಗದಿಂದ ಇನ್ಸುಲಿನ್ನನ್ನು ತೆಗೆದರು. 1922ರ ಜನವರಿ 11ರಂದು ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಹೆಚ್ಚಿನ ಗುಣ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಶುದ್ಧಗೊಳಿಸಿದ ಮದ್ದನ್ನು ಅದೇ 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡನು.

ಸಾವು ಹಿಂದೆ ಸರಿಯಿತು. ಸೂಜಿ ಮಾತ್ರ ಉಳಿಯಿತು. ಇದನ್ನು ನುಂಗಬಾರದೇಕೆ ಎಂದು ವಾಚಕರು ಕೇಳಬಹುದು. ಇನ್ಸುಲಿನ್ 51 ಅಮೈನೊ ಆಮ್ಲಗಳು ಸರಪಳಿಯಂತೆ ಕೂಡಿಕೊಂಡ ಪ್ರೋಟೀನು. ತಿಂದ ಬೇಳೆಯನ್ನು ನಮ್ಮ ಹೊಟ್ಟೆ ಹೇಗೆ ಅರಗಿಸುವುದೋ ಹಾಗೆಯೇ ಇದನ್ನೂ ಅರಗಿಸಿಬಿಡುತ್ತದೆ. ಅಳಿದುಳಿದದ್ದಕ್ಕೆ ಕರುಳಿನ ಗೋಡೆ ಸುಲಭವಾಗಿ ದಾರಿ ಬಿಡುವುದಿಲ್ಲ.

ಹಾಗಾದರೆ ಮದ್ದಿಗೊಂದು ಕವಚ ತೊಡಿಸೋಣವೆಂದು ವಿಜ್ಞಾನಿಗಳು ಹೊರಟರು. 1976ರಲ್ಲಿ ಕೊಬ್ಬಿನ ಕಿರುಗುಳ್ಳೆಗಳಲ್ಲಿ ಇನ್ಸುಲಿನ್ ಇಟ್ಟು ಇಲಿಗಳಿಗೆ ಕೊಟ್ಟು ನೋಡಿದರು. 1988ರಲ್ಲಿ ಫ್ರಾನ್ಸಿನ ಸಂಶೋಧಕರು ಅದನ್ನು ನ್ಯಾನೊ ಕೋಶಗಳಲ್ಲಿ ಅಡಗಿಸಿ ಕೊಟ್ಟಾಗ ಮಧುಮೇಹದ ಇಲಿಗಳ ರಕ್ತದ ಸಕ್ಕರೆ ಹಲವು ದಿನ ಇಳಿದಿತ್ತು. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಮುಂದೆ ಏಡಿ ಸಿಗಡಿಗಳ ಚಿಪ್ಪಿನಿಂದ ತಯಾರಾಗುವ ಕೈಟೊಸಾನಿನ ಕಣಗಳೂ ಬಂದವು. ಇವು ಕರುಳಿನ ಜೀವಕೋಶಗಳ ನಡುವಣ ಬಿಗಿಯನ್ನು ತುಸು ಹೊತ್ತು ಸಡಿಲಿಸುತ್ತವೆ.

ಈ ಪರಿಶ್ರಮ ಚುಚ್ಚುವ ನೋವನ್ನು ತಪ್ಪಿಸುವುದಕ್ಕೆ ಮಾತ್ರವಲ್ಲ. ದೇಹವು ತಾನೇ ಸ್ರವಿಸುವ ಇನ್ಸುಲಿನ್ ಮೊದಲು ಯಕೃತ್ತನ್ನು ಸೇರುತ್ತದೆ. ಕರುಳಿನಿಂದ ಹೀರಿಕೊಂಡದ್ದೂ ಅದೇ ಹಾದಿ ಹಿಡಿಯಬಲ್ಲದು. ಚುಚ್ಚಿದ ಮದ್ದಿಗೆ ಆ ಹಾದಿಯಿಲ್ಲ.

ಆದರೆ ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ನುಂಗಿದ್ದರಲ್ಲಿ ಅಲ್ಪಾಂಶ ಮಾತ್ರ ರಕ್ತ ಸೇರುತ್ತದೆ. ಆ ಅಂಶವೂ ದಿನದಿನಕ್ಕೆ ಏರುಪೇರಾಗುತ್ತದೆ. ಇನ್ಸುಲಿನ್ ಹೆಚ್ಚಾದರೂ ಪ್ರಾಣಕ್ಕೆ ಅಪಾಯ, ಕಡಿಮೆಯಾದರೂ ಅಪಾಯ. ಬೇರೆ ಉಪಾಯಗಳಿಂದ ರೂಪಿಸಿದ ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಗುಳಿಗೆ 2011ರಲ್ಲಿಯೂ, ಇಸ್ರೇಲಿನ ಒರಾಮೆಡ್ ಸಂಸ್ಥೆಯದು 2023ರಲ್ಲಿಯೂ ದೊಡ್ಡ ಪರೀಕ್ಷೆಗಳಲ್ಲಿ ಗುರಿ ಮುಟ್ಟಲಿಲ್ಲ. 2024ರಲ್ಲಿ ಸಿಡ್ನಿ ಮತ್ತು ನಾರ್ವೆಯ ಸಂಶೋಧಕರು ನ್ಯಾನೊಕಣಕ್ಕೆ ಇನ್ಸುಲಿನ್ ಬೆಸೆದು, ಚಾಕೊಲೇಟಿನಲ್ಲಿ ಬೆರೆಸಿ ಬಬೂನ್ ಕೋತಿಗಳಿಗೆ ತಿನ್ನಿಸಿದ ಫಲವನ್ನು ಪ್ರಕಟಿಸಿದರು, ಸಕ್ಕರೆ ಇಳಿಯಿತು.

ಸೂಜಿಯ ಸ್ಥಾನವನ್ನು ತುಂಬಬಲ್ಲ ಗುಳಿಗೆ ಇನ್ನೂ ಬಂದಿಲ್ಲ. ಮಧುಮೇಹಿಗಳು ನುಂಗುವ ಸಾಮಾನ್ಯ ಮಾತ್ರೆಗಳು ಇನ್ಸುಲಿನ್ ಅಲ್ಲವೆಂಬುದನ್ನು ವಾಚಕರು ನೆನಪಿಡಬೇಕು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ದೊಡ್ಡವರಿಗೆ ಒಪ್ಪೀತು. ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ ಮಗುವಿಗೆ ಒಪ್ಪದು. ನಾಳೆಯ ಗುಳಿಗೆಯನ್ನು ನಂಬಿ ಅಂಥ ಮಗುವಿನ ಇಂದಿನ ಸೂಜಿಯನ್ನು ತಪ್ಪಿಸಲಾಗದು.