ಗಡ್ಡೆಯ ಚೂರು ಮತ್ತು ಮಂಚದ ಮೇಲಿನ ರೋಗಿ

"ಗಡ್ಡೆ ತೆಗೆದು ಟೆಸ್ಟಿಗೆ ಕಳಿಸಿದೀವಿ, ರಿಪೋರ್ಟ್ ಬರಲಿ" ಅಂದದ್ದು ಕೇಳಿ ವಾರಗಟ್ಟಲೆ ನಿದ್ದೆಗೆಟ್ಟ ಮನೆಗಳು ನಮ್ಮ ಊರುಗಳಲ್ಲೂ ಇವೆ. ಆ ರಿಪೋರ್ಟ್ ಬರೆಯುವವರು ಪೆಥಾಲಜಿ ಡಾಕ್ಟರು. ಅವರ ಮುಖ ರೋಗಿಗೆ ಕಾಣುವುದೇ ಅಪರೂಪ. ಆದರೆ ಈ ವಿದ್ಯೆ ಬೆಳೆದದ್ದು ರೋಗಿಯ ಮಗ್ಗುಲಲ್ಲೇ.

ಹಿಂದೆ ಪೆಥಾಲಜಿ ಕಲಿಯುವುದೆಂದರೆ ಬಹುಮಟ್ಟಿಗೆ ಹೆಣ ಕೊಯ್ದು ನೋಡುವುದು. ಸತ್ತವರ ವಿಷಯದಲ್ಲಿ ಅವಸರವೇನಿಲ್ಲ. ಬದುಕಿರುವವರ ಗಡ್ಡೆಯ ಕತೆಯೇ ಬೇರೆ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯಿತು, 1893ರಲ್ಲಿ ಅದರ ವೈದ್ಯಕೀಯ ಕಾಲೇಜು. ಅಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಪಾಠದ ಕೋಣೆಯಿಂದ ಎಬ್ಬಿಸಿ ವಾರ್ಡಿಗೆ ಕರೆದೊಯ್ದರು. ಅದೇ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನ ಕ್ಯಾನ್ಸರ್‌ಗೆ ಭಾರೀ ಆಪರೇಶನ್ ಮಾಡುತ್ತಿದ್ದವರು. ಸ್ತನದ ಜೊತೆಗೆ ಅದರಡಿಯ ಎದೆಯ ಸ್ನಾಯು, ಕಂಕುಳಿನ ಗಂಟುಗಳು, ಎಲ್ಲವನ್ನೂ ತೆಗೆಯುತ್ತಿದ್ದರು. ಗಡ್ಡೆ ಕ್ಯಾನ್ಸರೇ ಅಲ್ಲದಿದ್ದರೆ? ಆ ಹೆಂಗಸು ಕಳೆದುಕೊಂಡದ್ದು ಮರಳಿ ಬರುವಂಥದ್ದಲ್ಲ. 1891ರಲ್ಲಿ ವಿಲಿಯಂ ವೆಲ್ಚ್ ಅವರು ಹಾಲ್‌ಸ್ಟೆಡ್‌ಗಾಗಿ ಗಡ್ಡೆಯೊಂದರ ಚೂರನ್ನು ಹೆಪ್ಪುಗಟ್ಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಉತ್ತರ ಸಿಗುವಷ್ಟರಲ್ಲಿ ಆಪರೇಶನ್ನೇ ಮುಗಿದಿತ್ತು.

ಆ ತಡವನ್ನು ನೀಗಿಸಿದ್ದು ಮಿನೆಸೋಟದ ಚಳಿ. 1905ರ ಜನವರಿಯಲ್ಲಿ ರಾಚೆಸ್ಟರ್ ಊರಿನ ಮೇಯೋ ಸೋದರರ ಆಸ್ಪತ್ರೆಯಲ್ಲಿ, ರೋಗಿ ಇನ್ನೂ ಮಂಚದ ಮೇಲಿರುವಾಗಲೇ ಗಡ್ಡೆ ಎಂಥದ್ದೆಂದು ಹೇಳಲಾಗದೇ ಎಂದು ಸರ್ಜನ್ ವಿಲಿಯಂ ಮೇಯೋ ಕೇಳಿದರು. ಪೆಥಾಲಜಿಸ್ಟ್ ಲೂಯಿಸ್ ವಿಲ್ಸನ್ ಚೂರನ್ನು ಕಿಟಕಿಯಾಚೆ ಇಟ್ಟರು. ಅದು ಹೆಪ್ಪುಗಟ್ಟಿತು. ತೆಳ್ಳಗೆ ಕೊಯ್ದು, ನೀಲಿ ಬಣ್ಣ ಹಚ್ಚಿ ನೋಡಿದರು. ಕೆಲವೇ ನಿಮಿಷಗಳ ಕೆಲಸ. ಅದೇ ವರ್ಷ ಈ ವಿಧಾನವನ್ನು ಬರೆದು ಪ್ರಕಟಿಸಿದರು. ಇದನ್ನೇ ಇಂದು ಫ್ರೋಜನ್ ಸೆಕ್ಷನ್ ಅನ್ನುತ್ತಾರೆ.

ಆದರೆ ಬೇಗ ನೋಡುವುದು ಒಂದು, ಸರಿಯಾಗಿ ನೋಡುವುದು ಇನ್ನೊಂದು. ನನ್ನ ಲೆಕ್ಕದಲ್ಲಿ ಈ ಎರಡನೆಯದೇ ಕಷ್ಟ. ಮೂಳೆಯನ್ನೇ ತಗೊಳ್ಳಿ. ಮುರಿದ ಮೂಳೆ ಕೂಡಿಕೊಳ್ಳುವಾಗ ಅಲ್ಲಿ ಜೀವಕೋಶಗಳು ಭರಭರನೆ ಹೆಚ್ಚುತ್ತವೆ. ಆ ಚೂರನ್ನಷ್ಟೇ ನೋಡಿದವರಿಗೆ ಅದು ಮೂಳೆ ಕ್ಯಾನ್ಸರಿನಂತೆ ಕಾಣಬಹುದು. ಎಕ್ಸ್‌ರೇ ನೋಡದೆ, ಹುಡುಗ ಮೂರು ವಾರದ ಹಿಂದೆ ಬಿದ್ದಿದ್ದನೇ ಎಂದು ಕೇಳದೆ ತೀರ್ಪು ಕೊಟ್ಟರೆ ಗಟ್ಟಿಮುಟ್ಟಾದ ಕಾಲೇ ಹೋದೀತು.

ಇದನ್ನು ಪಟ್ಟು ಹಿಡಿದು ಕಲಿಸಿದವರಲ್ಲಿ ಲಾರೆನ್ ಆಕರ್ಮನ್ ಒಬ್ಬರು. ಮಿಸೌರಿ ರಾಜ್ಯದ ಎಲ್ಲಿಸ್ ಫಿಶೆಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪಳಗಿ, 1948ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದರು. 1953ರ ಅವರ 'ಸರ್ಜಿಕಲ್ ಪೆಥಾಲಜಿ' ಪುಸ್ತಕ ಈ ವಿದ್ಯೆಗೆ ಅಡಿಪಾಯವಾಯಿತು. ನ್ಯೂಯಾರ್ಕಿನ ಆರ್ಥರ್ ಪರ್ಡಿ ಸ್ಟೌಟ್ ಅಂತೂ ಮೊದಲು ಸರ್ಜನ್ನೇ ಆಗಿದ್ದವರು, ಆಮೇಲೆ ಮೈಕ್ರೋಸ್ಕೋಪಿನ ಮುಂದೆ ಕೂತವರು.

ಇವತ್ತಿಗೂ ಇದನ್ನು ಕೈಯಾರೆ ಮಾಡಿಯೇ ಕಲಿಯಬೇಕು. ಸರ್ಜನ್ ಹಾಕಿದ ದಾರದ ಗುರುತು ನೋಡಿ ಗಡ್ಡೆಯ ಮೇಲು ಯಾವುದು, ಕೆಳಗು ಯಾವುದು ಅಂತ ಹಿಡಿಯಬೇಕು. ಅಂಚಿಗೆ ಶಾಯಿ ಬಳಿಯಬೇಕು, ಕ್ಯಾನ್ಸರ್ ಆ ಶಾಯಿಯವರೆಗೆ ಬಂದಿದ್ದರೆ ಒಳಗೆ ಉಳಿದಿರುವ ಸಂಭವವಿದೆ. ಇಷ್ಟಕ್ಕೂ ಮೊದಲು ಡಬ್ಬಿಯ ಜೊತೆ ಬಂದ ಫಾರಂ ಓದಬೇಕು: ವಯಸ್ಸೆಷ್ಟು, ಗಡ್ಡೆ ಎಲ್ಲಿತ್ತು, ಎಷ್ಟು ದಿನದಿಂದ, ಪೆಟ್ಟೇನಾದರೂ ಬಿದ್ದಿತ್ತೇ. ವಾರ್ಡಿನಲ್ಲಿ ಡಾಕ್ಟರು ನಿಮ್ಮನ್ನು ಕೇಳಿ ಬರೆದುಕೊಳ್ಳುವುದರಲ್ಲಿ ಇದೂ ಸೇರಿದೆ.